ಬಕೆಟ್ಟಿಗೆ ಬೀಳುವ ಕಾಳು: ಬಿಸಿಯೂಟದ ಅಡುಗೆಮನೆಯಲ್ಲಿ ಹತ್ತು ವಾರದ ರಿಪೇರಿ

ಮುಂಗಾರಿ ಹೆಸರು ರಾಶಿಯಾದ ಮೇಲೆ ಊರವರು ಶಾಲೆಗೆ ಒಂದು ಚೀಲ ಹೆಸರು, ಅರ್ಧ ಚೀಲ ಮಡಕಿ (ಮಟಕಿ ಕಾಳು), ಹತ್ತು ಕೆಜಿ ಅಲಸಂದಿ ತಂದು ಹಾಕಿದರು. ವಾರದಲ್ಲಿ ಎರಡು ದಿನ ಬೇಳೆ ಸಾರಿನ ಬದಲು ಕಾಳಿನ ಸಾರು ಅಂತ ಗೊತ್ತಾಯಿತು. ಸಾರೂ ಆಯಿತು, ಬಡಿಸಿದ್ದೂ ಆಯಿತು. ಮೂರನೇ ಸಲಕ್ಕೆ ಕೈ ತೊಳೆಯುವ ನಳದ ಕೆಳಗಿನ ಗಟಾರ ಕಟ್ಟಿಕೊಂಡು ನೀರು ವರಾಂಡಕ್ಕೆ ಹರಿಯಿತು. ಕಡ್ಡಿ ಹಾಕಿ ತೆಗೆದರೆ ಪೈಪಿನ ತುಂಬ ಬೆಂದ ಹೆಸರುಕಾಳು. ಮಕ್ಕಳು ಅನ್ನ ಉಂಡು, ಸಾರು ಕುಡಿದು, ಕಾಳನ್ನು ತಟ್ಟೆಯಂಚಿಗೆ ಸರಿಸಿ ತಂದು ಅಲ್ಲಿ ತೊಳೆದಿದ್ದರು.

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆ ಇದು. 1ರಿಂದ 5ನೇ ತರಗತಿವರೆಗೆ 62 ಮಕ್ಕಳು, 6 ಮತ್ತು 7ರಲ್ಲಿ 56, ಒಟ್ಟು 118. ಬಿಸಿಯೂಟದ ನಿಯಮದಂತೆ ಚಿಕ್ಕವರಿಗೆ ದಿನಕ್ಕೆ ತಲಾ 20 ಗ್ರಾಂ, ದೊಡ್ಡವರಿಗೆ 30 ಗ್ರಾಂ ಬೇಳೆಕಾಳು. ಗುಣಿಸಿದರೆ 1,240 ಮತ್ತು 1,680, ಒಟ್ಟು 2.92 ಕೆಜಿ. ಮೂರು ಕೆಜಿ ಅಂತಲೇ ಹಿಡಿದಿದ್ದೇವೆ. ಮೂರು ಕೆಜಿ ಒಣ ಹೆಸರು ನೆಂದು ಬೆಂದು ಬಸಿದರೆ ಏಳು ಕೆಜಿ ಆಸುಪಾಸು ತೂಗುತ್ತದೆ. ಕೆಳಗಿನ ಎಲ್ಲ ಲೆಕ್ಕಕ್ಕೂ ಬುಡ ಈ ಏಳು ಕೆಜಿ.

ವಾರ 1: ತೂಕ

ತಂದದ್ದು: ತೂಗುಹಾಕುವ ಡಿಜಿಟಲ್ ತಕ್ಕಡಿ (₹450), ಎರಡು ಹಳೇ ಬಕೆಟ್, ಕಾಳು ಬಸಿಯಲು ತೂತಿನ ಸ್ಟೀಲ್ ಬುಟ್ಟಿ. ಒಂದು ಬಕೆಟ್ ತಟ್ಟೆಯಲ್ಲಿ ಉಳಿದ ಅನ್ನಕ್ಕೆ, ಒಂದು ಉಳಿದ ಕಾಳಿಗೆ.

ಮೊದಲ ದಿನದ ತೂಕ ಹಿಡಿಯಲು ಬರುವಂಥದ್ದಲ್ಲ. ಒಬ್ಬ ಶಿಕ್ಷಕರು ಬಕೆಟ್ ಪಕ್ಕದಲ್ಲೇ ನಿಂತಿದ್ದರು. ಕಾಳಿನ ಬಕೆಟ್ಟಿಗೆ ಬಿದ್ದದ್ದು ಬರೀ 700 ಗ್ರಾಂ. ಕೆಲಸವೇ ಬೇಕಿಲ್ಲ ಅನ್ನಿಸುವಷ್ಟು ಕಡಿಮೆ. ಸಂಜೆ ಕಸ ಹೊಡೆಯುವಾಗ ಬೇವಿನ ಗಿಡದ ಬುಡದಲ್ಲಿ, ಕಾಂಪೌಂಡ್ ಗೋಡೆಯ ಆಚೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಉಳಿದದ್ದೆಲ್ಲ ಸಿಕ್ಕಿತು. ಆಡುಗಳು ಆಗಲೇ ಬಂದಿದ್ದವು.

ಎರಡನೇ ಸಲ ಬಕೆಟ್ ಹತ್ತಿರ ಯಾರೂ ನಿಲ್ಲಲಿಲ್ಲ. ನಳಕ್ಕೆ ಹೋಗುವ ದಾರಿಯಲ್ಲಿ ಇಟ್ಟು, ಊಟದ ಗಂಟೆ ಮುಗಿದ ಮೇಲೆ ತೂಗಿದ್ದು. ಸಾರಿನ ನೀರು ಸೇರಿದರೆ ತೂಕ ಸುಳ್ಳಾಗುತ್ತದೆ, ಹಾಗಾಗಿ ಬುಟ್ಟಿಯಲ್ಲಿ ಹತ್ತು ನಿಮಿಷ ಬಸಿಯಬೇಕು. ಬಂದ ಅಂಕಿ 2.6 ಕೆಜಿ. ಬೆಂದ ಕಾಳಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು.

ಉಳಿದ ಕಾಳನ್ನು ಬಿಳಿ ತಟ್ಟೆಯ ಮೇಲೆ ಹರವಿ ನೋಡುವುದು ತೂಕಕ್ಕಿಂತ ಮುಖ್ಯ. ಇದನ್ನು ಮಾಡದೆ ಇದ್ದಿದ್ದರೆ ಮುಂದಿನ ಒಂದು ಕೆಲಸವೂ ಹೊಳೆಯುತ್ತಿರಲಿಲ್ಲ. ಹರವಿದಾಗ ಕಂಡದ್ದು ಮೂರು ಥರ: ಬೆಂದು ಸಿಪ್ಪೆ ಬಿಟ್ಟವು, ಅರೆಬೆಂದು ನಡುವೆ ಬಿಳಿ ಚುಕ್ಕಿ ಉಳಿದವು, ನೀರೇ ಕುಡಿಯದೆ ಗುಂಡಗೆ ಹೊಳೆಯುತ್ತಿದ್ದವು. ಕೆಲವು ಕಾಳಿನಲ್ಲಿ ಹುಳದ ತೂತು.

ವಾರ 2: ಕಲ್ಲಿನಂಥ ಕಾಳು

ಹೆಸರಿನಲ್ಲಿ ಎಷ್ಟು ನೆನೆಸಿದರೂ ನೀರು ಕುಡಿಯದ ಕಾಳು ಇದ್ದೇ ಇರುತ್ತವೆ. ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಕುಕ್ಕರಿನಲ್ಲೂ ಅವು ಕಲ್ಲೇ. ನೂರು ಕಾಳಿಗೆ ಇಂಥವು ನಾಲ್ಕೈದು ಇದ್ದರೆ ಸಾಕು, ಪ್ರತಿ ಮಗುವಿನ ತಟ್ಟೆಗೂ ಹತ್ತಾರು ಬೀಳುತ್ತವೆ. ಹಾಲುಹಲ್ಲು ಅಲುಗಾಡುವ ವಯಸ್ಸು ಬೇರೆ. ಒಂದು ಕಾಳು ಕಟಕ್ ಅಂದರೆ ಅವತ್ತಿನ ಕಾಳು ಅಲ್ಲಿಗೆ ಮುಗಿಯಿತು. "ಕಾಳ ಕಡಕ್ ಅದಾವ್ರಿ" ಅಂತ ಮಕ್ಕಳು ಮೊದಲ ದಿನದಿಂದ ಹೇಳಿದ್ದರು. ಅಡುಗೆಮನೆಯಲ್ಲಿ ಸೌಟಿನಿಂದ ನಾಲ್ಕು ಕಾಳು ತೆಗೆದು ಹಿಸುಕಿ "ಬೆಂದಾವ" ಅನ್ನುತ್ತಿದ್ದರು. ನಾಲ್ಕು ಕಾಳಿನ ಪರೀಕ್ಷೆಯಲ್ಲಿ ಕಲ್ಲುಕಾಳು ಸಿಗುವುದಿಲ್ಲ. ಐವತ್ತು ಕಾಳು ತಟ್ಟೆಗೆ ಹಾಕಿ ಹೆಬ್ಬೆರಳಿನಿಂದ ಒತ್ತಿ ನೋಡಬೇಕು.

ಕೈಯಿಂದ ಆರಿಸುವುದು ಮೊದಲ ಪ್ರಯತ್ನ. ಮೂರು ಕೆಜಿಗೆ ಇಬ್ಬರಿಗೆ ಒಂದೂಕಾಲು ತಾಸು. ದಿನಾ ಆಗದ ಮಾತು.

ಎರಡನೆಯದು ಜರಡಿ. ನೆಂದ ಕಾಳು ಉಬ್ಬಿರುತ್ತದೆ, ನೆನೆಯದ್ದು ಸಣ್ಣಗೇ ಇರುತ್ತದೆ. ಒಣಕಾಳು ಸಲೀಸಾಗಿ ಸೋರಬೇಕು, ನೆಂದ ಕಾಳು ಮೇಲೆ ನಿಲ್ಲಬೇಕು, ಅಂಥ ತೂತಿನ ಜರಡಿ ಹುಡುಕಬೇಕು. ಸಂತೆಗೆ ಹೋಗುವಾಗ ಒಂದು ಡಬ್ಬಿಯಲ್ಲಿ ಒಣ ಹೆಸರು, ಇನ್ನೊಂದರಲ್ಲಿ ನೆಂದ ಹೆಸರು ಒಯ್ದು ಅಂಗಡಿ ಮುಂದೆಯೇ ಜರಡಿ ಆಡಿಸಿ ನೋಡಿ ತಂದದ್ದು. ದುಂಡು ತೂತಿನ ತಗಡಿನ ಜರಡಿ, ₹180. ಅದಕ್ಕೂ ಮೊದಲು ತಂದ ಪ್ಲಾಸ್ಟಿಕ್ ಜಾಳಿಗೆಯ ₹60 ದಂಡ. ಅದರ ಕಣ್ಣು ಚೌಕ, ಕಾಳು ಮೂಲೆಯಲ್ಲಿ ಸಿಕ್ಕಿಕೊಂಡು ಕೂತವು.

ನೀರಿನ ತೊಟ್ಟಿಯಲ್ಲಿ ಜರಡಿ ಮುಳುಗಿಸಿ ಆಡಿಸಿದರೆ ಕೆಲಸ ಹತ್ತು ನಿಮಿಷದ್ದು. ಮೂರು ಕೆಜಿಯಲ್ಲಿ 140 ಗ್ರಾಂ ಕೆಳಗೆ ಬಿತ್ತು. ಅದನ್ನು ಚೆಲ್ಲಬೇಕಿಲ್ಲ, ಒಣಗಿಸಿ ಹುರಿದು ಒಡೆದರೆ ಬೇಳೆ. ಹುಳ ಬಿದ್ದ ತೂತುಕಾಳು ನೀರಿಗೆ ಹಾಕಿದ ಕೂಡಲೇ ತೇಲುತ್ತವೆ, ಮೊದಲ ತೊಳೆತದಲ್ಲೇ ಅಂಗೈಯಿಂದ ಬಳಿದು ತೆಗೆಯುವುದು. ಉಳಿದ ಚೀಲವನ್ನು ಎರಡು ದಿನ ಒಳ್ಳೆಯ ಬಿಸಿಲಿಗೆ ಹಾಕಿ, ಆರಿದ ಮೇಲೆ ಮುಚ್ಚಳ ಬಿಗಿಯಾದ ಡ್ರಮ್ಮಿಗೆ ತುಂಬಿದ್ದೇವೆ. ಬಿಸಿಯಿದ್ದಾಗಲೇ ತುಂಬಿದರೆ ಒಳಗೆ ಬೆವರುತ್ತದೆ.

ಬಕೆಟ್: 2.1 ಕೆಜಿ.

ವಾರ 3: ನೀರು

ಅತಿ ಹೆಚ್ಚು ತಪ್ಪು ಇಲ್ಲೇ ಆದದ್ದು.

ಶಾಲೆಯ ಬೋರಿನ ನೀರು ಗಡಸು. ಪಾತ್ರೆಯ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಅದರಲ್ಲಿರುವ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಒಳಗೆ ಬೆಂದರೂ ಸಿಪ್ಪೆ ರಬ್ಬರಿನಂತೆ ಉಳಿಯುವುದು ಇದರಿಂದ. ಮಕ್ಕಳು ಕಾಳು ಅಗಿದು ಸಿಪ್ಪೆ ಉಗುಳುತ್ತಿದ್ದುದಕ್ಕೆ ಕಾರಣ ಇದೇ.

ತಪ್ಪು ಒಂದು: ಅಡುಗೆ ಸೋಡಾ. ಮೂರು ಕೆಜಿಗೆ ಎರಡು ಚಮಚ ಹಾಕಿದ್ದಾಯಿತು. ಬೇಗ ಬೆಂದಿತು ನಿಜ. ಸಿಪ್ಪೆ ಕಳಚಿ ಮೇಲೆ ತೇಲಿ, ಒಳಗಿನದು ಗಂಜಿಯಾಗಿ, ಬಾಯಿಗಿಟ್ಟರೆ ಸಬಕಾರದ ರುಚಿ. ಕಾಳಿನಲ್ಲಿರುವ ಬಿ1 ಜೀವಸತ್ವವನ್ನೂ ಸೋಡಾ ಕೆಡಿಸುತ್ತದೆ. ಅವತ್ತು ಬಕೆಟ್ಟಿಗೆ ಬಿದ್ದದ್ದು 3.1 ಕೆಜಿ.

ತಪ್ಪು ಎರಡು: ಹುಣಸೆಹುಳಿ ಮೊದಲೇ ಹಾಕಿದ್ದು. ಬೇಳೆ ಸಾರಿನ ರೂಢಿಯಲ್ಲಿ ಹುಳಿ, ಟೊಮ್ಯಾಟೊ, ಕಾಳು ಎಲ್ಲ ಒಟ್ಟಿಗೆ ಕುದಿಯುತ್ತಿತ್ತು. ತೊಗರಿಬೇಳೆಗೆ ಸಿಪ್ಪೆ ಇಲ್ಲ, ಅದು ಸಹಿಸಿಕೊಳ್ಳುತ್ತದೆ. ಇಡಿಕಾಳು ಹುಳಿಯಲ್ಲಿ ಮೆತ್ತಗಾಗುವುದಿಲ್ಲ, ತಾಸು ಕುದಿಸಿದರೂ ಅಷ್ಟೇ. ಹುಳಿ ಏನಿದ್ದರೂ ಕಾಳು ಪೂರ್ತಿ ಬೆಂದ ಮೇಲೆ.

ತಪ್ಪು ಮೂರು: ರಾತ್ರಿ ನೆನೆಸಿದ್ದು. ಸಂಜೆ ಐದಕ್ಕೆ ನೀರಿಗೆ ಹಾಕಿ ಹೋದರೆ ಬೆಳಗ್ಗೆ ಹತ್ತಕ್ಕೆ ಹದಿನೇಳು ತಾಸು. ಆ ವಾರ ಸೆಕೆ ಇತ್ತು. ಬೆಳಗ್ಗೆ ಮುಚ್ಚಳ ತೆಗೆದರೆ ಮೇಲೆಲ್ಲ ನೊರೆ, ಹುಳಿ ವಾಸನೆ. ಮೂರು ಕೆಜಿ ದನಕ್ಕೆ ಹೋಯಿತು, ಅವತ್ತು ಬೇಳೆ ಸಾರೇ ಆಯಿತು.

ಕೊನೆಗೆ ನಿಂತ ಕ್ರಮ ಹೀಗಿದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ₹5 ಹಾಕಿ 20 ಲೀಟರಿನ ಒಂದು ಕ್ಯಾನ್ ತರುವುದು. ಅದರಲ್ಲಿ 9 ಲೀಟರ್ ಕುದಿಸಿ, 135 ಗ್ರಾಂ ಉಪ್ಪು ಕರಗಿಸಿ (ಲೀಟರಿಗೆ 15 ಗ್ರಾಂ), ತೊಳೆದ ಹೆಸರು ಹಾಕಿ, ಮತ್ತೆ ಒಂದು ಕುದಿ ಬಂದ ಮೇಲೆ ಎರಡು ನಿಮಿಷ ಬಿಟ್ಟು ಗ್ಯಾಸ್ ಆರಿಸಿ, ಮುಚ್ಚಿ ಒಂದು ತಾಸು ಇಡುವುದು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅಂತ ಅಡುಗೆಯವರು ಒಪ್ಪಲಿಲ್ಲ. ನೆನೆಸುವ ನೀರಿನಲ್ಲಿ ಉಪ್ಪು ಸಿಪ್ಪೆಯನ್ನು ಸಡಿಲ ಮಾಡುತ್ತದೆ. ಎರಡು ಬೋಗುಣಿಯಲ್ಲಿ ಅರ್ಧರ್ಧ ಕೆಜಿ, ಒಂದಕ್ಕೆ ಉಪ್ಪು, ಒಂದಕ್ಕೆ ಬರೀ ನೀರು, ಪಕ್ಕಪಕ್ಕದಲ್ಲೇ ಬೇಯಿಸಿ ತೋರಿಸಿದ ಮೇಲೆ ಆ ತಕರಾರು ಮುಗಿಯಿತು. ನೆಂದ ನೀರು ಚೆಲ್ಲಿ ಎರಡು ಸಲ ತೊಳೆಯಬೇಕು, ಇಲ್ಲದಿದ್ದರೆ ಉಪ್ಪಾಗುತ್ತದೆ.

ಆಮೇಲೆ ಜರಡಿ, ಆಮೇಲೆ ಕುಕ್ಕರ್. 22 ಲೀಟರಿನ ಕುಕ್ಕರಿನಲ್ಲಿ ಕಾಳಿನ ಮೇಲೆ ಒಂದು ಇಂಚು ನಿಲ್ಲುವಷ್ಟು ನೀರು, ಸುಮಾರು 4 ಲೀಟರ್. ಕಾಳು-ನೀರು ಸೇರಿ ಅರ್ಧ ಕುಕ್ಕರಿಗಿಂತ ಮೇಲೆ ಹೋಗಬಾರದು, ನೊರೆ ಬಂದು ಸೀಟಿಯ ತೂತು ಕಟ್ಟಿಕೊಳ್ಳುತ್ತದೆ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ಕಡಿಮೆ. ಹೆಸರಿಗೆ ಒಂದೇ ಸೀಟಿ, ಗ್ಯಾಸ್ ಬಂದ್, ಆವಿ ತಾನಾಗಿ ಇಳಿಯಲಿ. ಎರಡು ಸೀಟಿ ಹೊಡೆದರೆ ಗಂಜಿ.

ಸೋಮವಾರ ಕಾಳು ಬೇಡ. ಕಡಲೆಯಂಥದ್ದಕ್ಕೆ ಹಿಂದಿನ ರಾತ್ರಿ ನೆನೆಸಲು ಭಾನುವಾರ ಯಾರೂ ಬರುವುದಿಲ್ಲ. ಶನಿವಾರ ಬೆಳಗಿನ ಶಾಲೆ, ಅವಸರ. ಬುಧವಾರ, ಶುಕ್ರವಾರ ಸರಿ.

ಬಕೆಟ್: 1.7 ಕೆಜಿ.

ವಾರ 4: ಸೌಟಿನ ಅನ್ಯಾಯ

ಕಾಳು ಈಗ ಸರಿಯಾಗಿ ಬೆಂದಿತ್ತು. ಆದರೂ ಬಕೆಟ್ಟಿನ ಹೆಚ್ಚಿನ ಭಾಗ ಆರು, ಏಳನೇ ತರಗತಿಯ ಸಾಲಿನಿಂದ. ದೊಡ್ಡ ಮಕ್ಕಳಿಗೆ ಕಾಳು ಬೇಡ ಅಂತ ಬರೆದುಕೊಂಡೆವು. ಅದು ತಪ್ಪು ಓದು.

ಕಾಳು ಸಾರಿನ ತಳಕ್ಕೆ ಕೂರುತ್ತದೆ. ಬಡಿಸುವುದು ಚಿಕ್ಕವರಿಂದ ಶುರು. ಒಂದನೇ ತರಗತಿಗೆ ಮೇಲಿನ ನೀರು, ಏಳನೆಯದಕ್ಕೆ ತಳದ ರಾಶಿ. ಒಂದು ದಿನ ಬಡಿಸಿದ ಕೂಡಲೇ ಹತ್ತು ತಟ್ಟೆ ಹಿಡಿದು ಕಾಳು ಬಸಿದು ತೂಗಿದರೆ, ಮೊದಲ ಸಾಲಿನ ತಟ್ಟೆಯಲ್ಲಿ 15 ಗ್ರಾಂ, ಕೊನೆಯ ಸಾಲಿನಲ್ಲಿ 130. "ನಮಗ ಬರೇ ನೀರ ಬಂತ್ರಿ" ಅಂತ ಚಿಕ್ಕವರು, "ಇಷ್ಟ್ಯಾಕ ಹಾಕ್ತೀರಿ" ಅಂತ ದೊಡ್ಡವರು. ಇಬ್ಬರದೂ ದಿಟ. ಈ ಕಡೆಯ ಏಳು ಜಿಲ್ಲೆಗಳಲ್ಲಿ, ಕೊಪ್ಪಳ, ರಾಯಚೂರು, ಬಳ್ಳಾರಿ ಸೇರಿ, 2002ರಲ್ಲಿ ಬಿಸಿಯೂಟ ಶುರುವಾದಾಗಿನಿಂದ ಅನ್ನ-ಸಾರೇ ರೂಢಿ. ಪಾತ್ರೆ, ಸೌಟು, ಬಡಿಸುವ ಕೈಯ ಅಭ್ಯಾಸ ಎಲ್ಲ ಸಾರಿಗೆ ಕಟ್ಟಿದವು. ಇಡಿಕಾಳಿಗೆ ಅವು ಹೊಂದುವುದಿಲ್ಲ.

ಸಾರಿನಿಂದ ಕಾಳನ್ನು ಬೇರೆ ಮಾಡಿದ್ದು ಇಡೀ ಹತ್ತು ವಾರದ ದೊಡ್ಡ ತಿರುವು. ಕಾಳು ಬೆಂದ ಕಟ್ಟು ಬಸಿದರೆ ಎರಡು-ಮೂರು ಲೀಟರ್. ಅದಕ್ಕೆ ಒಂದು ಕೆಜಿ ಬೆಂದ ತೊಗರಿಬೇಳೆ, ಹುಳಿ ಸೇರಿಸಿ ಅನ್ನಕ್ಕೆ ಸಾರು. ಬಸಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಉಸಳಿ.

ಮೂರು ಕೆಜಿ ಹೆಸರಿನ ಉಸಳಿಗೆ: ಎಣ್ಣೆ 300 ಗ್ರಾಂ, ಸಾಸಿವೆ 20, ಜೀರಿಗೆ 40, ಕರಿಬೇವು ಎರಡು ಹಿಡಿ, ಜಜ್ಜಿದ ಬಳ್ಳೊಳ್ಳಿ 100 ಗ್ರಾಂ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ಒಂದು ಕೆಜಿ, ಅರಿಶಿಣ 10 ಗ್ರಾಂ, ಬೆಲ್ಲ 60 ಗ್ರಾಂ, ಹುರಿದು ಕುಟ್ಟಿದ ಗುರೆಳ್ಳು (ಹುಚ್ಚೆಳ್ಳು) 150 ಗ್ರಾಂ, ಉಪ್ಪು ರುಚಿ ನೋಡಿ. ಖಾರದಪುಡಿ 40 ಗ್ರಾಂ, ಆದರೆ ಕೊನೆಗೆ. ಒಂದರಿಂದ ಮೂರನೇ ತರಗತಿಯ ಪಾಲು ತೆಗೆದಿಟ್ಟ ಮೇಲೆ ಉಳಿದದ್ದಕ್ಕೆ ಖಾರ ಕಲಸುವುದು. ಮೊದಲ ಸಲ ಎಲ್ಲಕ್ಕೂ ಒಟ್ಟಿಗೆ ಹಾಕಿ ಒಂದನೇ ತರಗತಿ ಪೂರ್ತಿ ನಳದ ಹತ್ತಿರ ನಿಂತಿತ್ತು.

ಗುರೆಳ್ಳು ಬರೀ ರುಚಿಗಲ್ಲ. ಬಸಿದ ಕಾಳಿನ ಮೇಲಿನ ಪಸೆ ಹೀರಿ ಬಿಡಿಬಿಡಿಯಾಗಿ ನಿಲ್ಲಿಸುತ್ತದೆ, ಬಡಿಸುವ ಹೊತ್ತಿಗೆ ಮುದ್ದೆ ಕಟ್ಟುವುದಿಲ್ಲ. ಮನೆಯಲ್ಲಿ ರೊಟ್ಟಿಯ ಜೊತೆ ತಿನ್ನುವ ವಾಸನೆಯೂ ಇದೇ. ಶೇಂಗಾ ಪುಡಿಯೂ ಆಗುತ್ತದೆ, ಶೇಂಗಾ ಒಗ್ಗದ ಮಗು ಇದೆಯೇ ಅಂತ ಕೇಳಿಕೊಂಡು ಹಾಕಬೇಕು.

ಬಡಿಸಲು ಸೌಟು ಬಿಟ್ಟು ಅಳತೆ ಬಟ್ಟಲು. ಉಸಳಿ ತುಂಬಿ ಮಟ್ಟ ಮಾಡಿದರೆ 50 ಗ್ರಾಂ ಹಿಡಿಯುವ ಸಣ್ಣ ಸ್ಟೀಲ್ ಬಟ್ಟಲು ಹುಡುಕಿ ಅದಕ್ಕೆ ಕಡ್ಡಿ ಬೆಸುಗೆ ಹಾಕಿಸಿದ್ದು (₹40). ಚಿಕ್ಕವರಿಗೆ ಒಂದು, ದೊಡ್ಡವರಿಗೆ ಒಂದೂವರೆ. 62ಕ್ಕೆ 3.1 ಕೆಜಿ, 56ಕ್ಕೆ 4.2 ಕೆಜಿ. ಉಳ್ಳಾಗಡ್ಡಿ ಸೇರಿ ಉಸಳಿ ಏಳೂವರೆ ಕೆಜಿ ಮೇಲೆ ಬರುತ್ತದೆ, ಎರಡನೇ ಸಲ ಕೇಳಿದವರಿಗೆ ಒಂದಿಷ್ಟು ಉಳಿಯುತ್ತದೆ.

ಬಕೆಟ್: 900 ಗ್ರಾಂ. ಸಾಲುಗಳ ನಡುವೆ ಈಗ ಹೇಳುವಷ್ಟು ಫರಕಿಲ್ಲ.

ವಾರ 5: ಬಾಲ ಬಂದ ಕಾಳು

ಮೊಳಕೆ ಒಳ್ಳೆಯದು ಅಂತ ಮಾಡಿದ್ದು. ನೆಂದ ಹೆಸರನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಟ್ಟರು, ನಡುವೆ ಒಂದು ದಿನ ರಜೆ ಬಂತು. ಬಿಚ್ಚಿದಾಗ ಮೊಳಕೆ ಒಂದು ಇಂಚು ದಾಟಿತ್ತು. ಅಡುಗೆಯವರಿಗೆ ಖುಷಿ. ಬೆಂದ ಮೇಲೆ ಆ ಬಾಲಗಳು ಬಿಳಿಯಾಗಿ ಸುತ್ತಿಕೊಂಡವು. ಐದನೇ ತರಗತಿಯಿಂದ ಒಂದು ದನಿ ಬಂತು: "ಹುಳದಂಗ ಅದಾವ ನೋಡಲೇ." ಅಷ್ಟೇ. ಏಳು ಕೆಜಿಯಲ್ಲಿ 4.2 ಕೆಜಿ ವಾಪಸ್. ಹತ್ತು ವಾರದಲ್ಲಿ ಇದೇ ಅತಿ ಕೆಟ್ಟ ದಿನ, ಕಾಳಿನ ರುಚಿಯಲ್ಲಿ ಯಾವ ದೋಷವೂ ಇರಲಿಲ್ಲ.

ಮೊಳಕೆ ಬೇಕೆಂದರೆ ಬಿಳಿ ಮೂತಿ ಕಂಡ ಕೂಡಲೇ, ಕಾಲಿಂಚಿನೊಳಗೆ ನಿಲ್ಲಿಸಬೇಕು. ಬೆಚ್ಚಗಿನ ಹವೆಯಲ್ಲಿ ಬಟ್ಟೆ ಕಟ್ಟಿ ಹತ್ತು-ಹನ್ನೆರಡು ತಾಸು ಸಾಕು. ಹಸಿ ಮೊಳಕೆ ಶಾಲೆಯಲ್ಲಿ ಬಡಿಸಬಾರದು. ಮೊಳಕೆ ಬರಲು ಬೇಕಾದ ಪಸೆ, ಬಿಸಿ ಎರಡೂ ರೋಗಾಣುಗಳಿಗೂ ಹಿತ. ಬೇಯಿಸಿಯೇ ಕೊಡಬೇಕು. ಮಡಕಿಯನ್ನು ಹೀಗೆ ಸಣ್ಣ ಮೊಳಕೆಯಲ್ಲಿ ನಿಲ್ಲಿಸಿ ಉಸಳಿ ಮಾಡಿದಾಗ 400 ಗ್ರಾಂ ಮಾತ್ರ ಮರಳಿತು. ಮಡಕಿ ಉಸಳಿ ಮನೆಯಲ್ಲಿ ಕಂಡ ತಿನಿಸು, ಅದಕ್ಕೆ ಬಾಲ ಇದ್ದರೂ ಯಾರೂ ಹುಳ ಅನ್ನಲಿಲ್ಲ.

ವಾರ 6: ರುಬ್ಬಿ ಬಚ್ಚಿಟ್ಟದ್ದು

ಹುಳದ ಮಾತಿಗೆ ಹೆದರಿ ಕಾಳನ್ನೇ ಕಾಣದಂತೆ ಮಾಡಿದೆವು. ಬೆಂದ ಅಲಸಂದಿ ರುಬ್ಬಿ ಸಾರಿಗೆ. ರುಬ್ಬಿದ ಕಾಳು ತಳ ಹಿಡಿಯುತ್ತದೆ, ಕೈ ಬಿಡದೆ ತಿರುವಬೇಕು. ಮೊದಲ ದಿನ ಸೀದು ಹೋಗಿ ಇಡೀ ಪಾತ್ರೆಗೆ ಹೊಗೆ ವಾಸನೆ. ಎರಡನೇ ದಿನ ಸರಿಹೋಯಿತು, ತಟ್ಟೆಗಳು ಖಾಲಿ.

ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಬರೆದದ್ದೇ ತಪ್ಪು. ಮುಂದಿನ ಶುಕ್ರವಾರ ಇಡಿಕಾಳಿನ ಉಸಳಿ ಬಂದಾಗ ಮಕ್ಕಳು ಸಾರನ್ನೂ ಕೆದಕಿ ನೋಡಿದರು. ಕಾಳು 1.2 ಕೆಜಿ ಮರಳಿತು, ಮೊದಲ ಬಾರಿಗೆ ಅನ್ನವೂ ಹೆಚ್ಚು ಉಳಿಯಿತು. ಬಚ್ಚಿಟ್ಟ ಕಾಳು ಹೊಟ್ಟೆಗೆ ಹೋಗುತ್ತದೆ, ಆದರೆ ಕಾಳು ತಿನ್ನುವ ರೂಢಿ ಅದರಿಂದ ಬರುವುದಿಲ್ಲ, ಅಡುಗೆಮನೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಕೈಬಿಟ್ಟೆವು.

ವಾರ 6, ಮುಂದುವರಿಕೆ: ಕೇಳುವುದು

ತರಗತಿಯಲ್ಲಿ "ಕಾಳು ಯಾರಿಗೆ ಇಷ್ಟ?" ಅಂದರೆ ಎಲ್ಲರ ಕೈ ಮೇಲೆ. ಉಪಯೋಗವಿಲ್ಲ.

ಮೂರು ಡಬ್ಬಿ: ನಗುವ ಮುಖ, ಸುಮ್ಮನಿರುವ ಮುಖ, ಸಿಂಡರಿಸಿದ ಮುಖ. ಕೈ ತೊಳೆದು ಬರುವಾಗ ಪ್ರತಿ ಮಗು ಒಂದು ಹುಣಸೆಬೀಜ ಹಾಕುವುದು. ಒಂದು, ಎರಡನೇ ತರಗತಿಯ ಬೀಜಗಳೆಲ್ಲ ನಗುವ ಡಬ್ಬಿಗೇ ಬಿದ್ದವು. ವಿಚಾರಿಸಿದರೆ ಅದು ತಗಡಿನ ಡಬ್ಬಿ, ಟಣ್ ಅನ್ನುತ್ತದೆ, ಉಳಿದೆರಡು ಪ್ಲಾಸ್ಟಿಕ್. ಮೂರಕ್ಕೂ ತಗಡು ತಂದು ತಳಕ್ಕೆ ಬಟ್ಟೆ ಹಾಸಿದ ಮೇಲೆ ಬೀಜಗಳು ಹಂಚಿ ಬಿದ್ದವು. ಬೀಜದ ಲೆಕ್ಕವನ್ನು ಒಂಟಿಯಾಗಿ ನಂಬಬಾರದು, ಬಕೆಟ್ ಪಕ್ಕದಲ್ಲಿಟ್ಟು ನೋಡಬೇಕು. ಏಳನೇ ತರಗತಿಯ ಹುಡುಗರು ಸಿಂಡರಿಸಿದ ಡಬ್ಬಿಗೆ ಬೀಜ ಹಾಕಿ, ಉಸಳಿ ಎರಡನೇ ಸಲ ಹಾಕಿಸಿಕೊಂಡದ್ದೂ ಉಂಟು.

ಸಿಂಡರಿಸಿದ ಡಬ್ಬಿಗೆ ಹಾಕಿದವರನ್ನು ಗುಂಪಿನಲ್ಲಿ ಕೇಳದೆ, ಆಟದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕೇಳಿದಾಗ ಬಂದ ಕಾರಣಗಳು: ಸಿಪ್ಪೆ ಹಲ್ಲಿಗೆ ಸಿಕ್ಕುತ್ತದೆ, ಹಿಂದೆ ಒಮ್ಮೆ ಹುಳ ಸಿಕ್ಕಿತ್ತು, ಹೊಟ್ಟೆ ಉಬ್ಬರಿಸುತ್ತದೆ, ಮನೆಯಲ್ಲೂ ಇದೇ. ಹುಳ ಕಂಡ ಮಗು ಕಾಳು ಮುಟ್ಟುವುದಿಲ್ಲ ಅಂದರೆ ಅದು ಹಟವಲ್ಲ. ಅಂಥ ನಾಲ್ಕು ಮಕ್ಕಳಿಗೆ ಕಾಳು ತೊಳೆದು ಜರಡಿ ಆಡಿಸುವುದನ್ನು ಬಾಗಿಲಲ್ಲಿ ನಿಂತು ನೋಡಲು ಬಿಟ್ಟೆವು. ಬರೀ ನೋಡಲು, ಮಕ್ಕಳ ಕೈಗೆ ಅಡುಗೆ ಕೆಲಸ ಕೊಡುವಂತಿಲ್ಲ. ಇಬ್ಬರು ಮುಂದಿನ ವಾರ ತಿಂದರು. ಇಬ್ಬರು ಇಂದಿಗೂ ಇಲ್ಲ.

ವಾರ 7: ಮೊಟ್ಟೆಯ ತಪ್ಪು

ಇದನ್ನು ಬರೆಯದೆ ಬಿಡಬಹುದಿತ್ತು. ಒಂದು ಬುಧವಾರ "ಕಾಳು ಖಾಲಿ ಮಾಡಿದವರಿಗೆ ಮೊಟ್ಟೆ" ಅಂತ ಹೇಳಿದ್ದಾಯಿತು. ಕಾಳು ಖಾಲಿ ಆಯಿತು: ಪಕ್ಕದವರ ತಟ್ಟೆಗೆ, ಜೇಬಿಗೆ, ಬಾಯಲ್ಲಿ ಇಟ್ಟುಕೊಂಡು ಹೋಗಿ ಗಿಡದ ಬುಡಕ್ಕೆ. ಮೂರು ಮಕ್ಕಳು ಮೊಟ್ಟೆ ಇಲ್ಲದೆ ಮನೆಗೆ ಹೋದರು. ಮೊಟ್ಟೆ ಅವರ ಹಕ್ಕು, ಬಹುಮಾನವಲ್ಲ. ಮರುದಿನ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬಂದು ಕೇಳಿದ್ದು ನ್ಯಾಯವೇ. ಶುಕ್ರವಾರ ಕಾಳು ಮತ್ತೆ ಒಂದು ಕೆಜಿ ದಾಟಿತು. ಶಿಕ್ಷೆ ತಂದ ತಿನಿಸು ಅಂತ ಅದಕ್ಕೆ ಹೆಸರು ಬಿದ್ದಿತ್ತು.

ಕೆಲಸ ಮಾಡಿದ್ದು ಬರೀ ಸರದಿ ಬದಲಾವಣೆ. ತಟ್ಟೆಗೆ ಮೊದಲು ಉಸಳಿ ಬೀಳಬೇಕು, ಎರಡು ನಿಮಿಷ ಬಿಟ್ಟು ಅನ್ನ-ಸಾರು, ಮೊಟ್ಟೆ ಅಥವಾ ಬಾಳೆಹಣ್ಣು ಎಲ್ಲರಿಗೂ ಕೊನೆಗೆ. ಹಸಿದ ಬಾಯಿಗೆ ಮೊದಲು ಸಿಕ್ಕದ್ದು ಇಳಿಯುತ್ತದೆ. ಹಾಲು ಹೊತ್ತಾಗಿ ಕೊಟ್ಟ ದಿನ ಇದೂ ನಡೆಯಲಿಲ್ಲ. 18 ಗ್ರಾಂ ಪುಡಿಯ 150 ಎಂಎಲ್ ಹಾಲು ಹನ್ನೆರಡಕ್ಕೆ ಹೊಟ್ಟೆಗೆ ಬಿದ್ದರೆ ಒಂದೂವರೆಗೆ ಹಸಿವಿರುವುದಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಹಾಲು ಮುಗಿಸಬೇಕು.

ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಇದೆ. ನೋಡುತ್ತಿದ್ದದ್ದು ಸಾರಿನ ರುಚಿ. ಈಗ ಒಬ್ಬರು ಸಾಲಿನಲ್ಲೇ ಕೂತು ಒಂದು ಬಟ್ಟಲು ಉಸಳಿ ತಿನ್ನುತ್ತಾರೆ, ದಿನಕ್ಕೊಬ್ಬರ ಸರದಿ. ತಿನ್ನುವಾಗ "ಎಷ್ಟು ರುಚಿ ಐತಿ ನೋಡ್ರಿ" ಅಂತ ಹೇಳಬಾರದು. ಹೇಳಿದ ದಿನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ವಾರ 8: ಹೊಟ್ಟೆ

ಕಾಳಿನಲ್ಲಿ ನಮ್ಮ ಕರುಳು ಅರಗಿಸದ ಸಕ್ಕರೆಯ ಅಂಶಗಳಿವೆ, ಅವು ದೊಡ್ಡ ಕರುಳಿನಲ್ಲಿ ಹುಳಿತು ಗಾಳಿಯಾಗುತ್ತವೆ. ಏಳನೇ ತರಗತಿಯಲ್ಲಿ ಕಾಳಿನ ದಿನ ಮಧ್ಯಾಹ್ನದ ಮೊದಲ ಪಾಠಕ್ಕೆ ಇದೇ ನಗೆಯ ವಿಷಯ, ಹುಡುಗಿಯರು ಇದಕ್ಕೇ ತಿನ್ನುತ್ತಿರಲಿಲ್ಲ. ನೆಂದ ನೀರು ಚೆಲ್ಲುವುದರಿಂದ ಒಂದಿಷ್ಟು ಇಳಿಯುತ್ತದೆ, ಸಣ್ಣ ಮೊಳಕೆಯಿಂದ ಇನ್ನಷ್ಟು. ಒಗ್ಗರಣೆಗೆ ಇಂಗು, ಓಮ ಸೇರಿಸಿದ್ದೂ ಆಯಿತು, ವಾಸನೆ ಹಿತವಾಗಿದೆ. ವಾರಕ್ಕೆ ಎರಡು ದಿನ ತಪ್ಪದೆ ತಿಂದರೆ ಹೊಟ್ಟೆ ರೂಢಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಹೊಟ್ಟೆ ತುಂಬ ಕೊಟ್ಟರೆ ಪ್ರತಿ ಸಲವೂ ಹೊಸದೇ.

ಇದೇ ವಾರ ಒಂದು ನಿರ್ಧಾರ: ಉಸಳಿಯ ರುಚಿ ಬದಲಿಸುವುದು ಬಂದ್. ಅಲ್ಲಿವರೆಗೆ ಒಮ್ಮೆ ಕೊಬ್ಬರಿ, ಒಮ್ಮೆ ಟೊಮ್ಯಾಟೊ, ಒಮ್ಮೆ ಗರಂ ಮಸಾಲೆ ಅಂತ ಆಗಿತ್ತು. ಮಗುವಿಗೆ ಒಂದು ತಿನಿಸು ಪರಿಚಯವಾಗಲು ಎಂಟು-ಹತ್ತು ಸಲ ಅದೇ ತಿನಿಸು ಕಣ್ಣಿಗೆ, ಬಾಯಿಗೆ ಬೀಳಬೇಕು. ಸಲಕ್ಕೊಂದು ರುಚಿ ಮಾಡಿದರೆ ಎಣಿಕೆ ಪ್ರತಿ ಸಲ ಒಂದರಿಂದ ಶುರು.

ವಾರ 9: ಕಡಲೆ ಮತ್ತು ರಾಜ್ಮಾ

ಕಡಲೆ ಹತ್ತು ತಾಸು ನೆನೆಯಬೇಕು, ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಅನ್ನದ ಪಕ್ಕ ಬಡಿಸಿದರೆ 1.5 ಕೆಜಿ ಮರಳಿತು. ಅದೇ ಕಡಲೆಯನ್ನು ಉಪ್ಪು, ಜೀರಿಗೆ ಹಾಕಿ ಗುಗ್ಗರಿ ಮಾಡಿ ಸಂಜೆ ಆಟದ ಮುಂಚೆ ಅಂಗೈಗೆ ಹಾಕಿದರೆ ನೆಲಕ್ಕೆ ಬಿದ್ದವು ಬಿಟ್ಟರೆ ಒಂದೂ ಉಳಿಯಲಿಲ್ಲ. ತಟ್ಟೆಯಲ್ಲಿ ಅದು ಊಟ, ಅಂಗೈಯಲ್ಲಿ ಪಂಚಮಿ ಹಬ್ಬ. ನಾವು ಕಡಲೆಯನ್ನು ಊಟದಿಂದ ತೆಗೆದು ಗುಗ್ಗರಿಗೆ ಇಟ್ಟಿದ್ದೇವೆ. ಮಣ್ಣಾಟದ ಕೈ ಮೊದಲು ತೊಳೆಸಬೇಕು, ಮೊದಲ ದಿನ ಮರೆತಿತ್ತು.

ರಾಜ್ಮಾ ಐದು ಕೆಜಿ ಯಾರೋ ಕೊಟ್ಟರು. ಬೇಡ ಅಂದೆವು. ಅರೆಬೆಂದ ರಾಜ್ಮಾ ವಾಂತಿ-ಭೇದಿ ತರುತ್ತದೆ. ಐದು ತಾಸಿಗಿಂತ ಹೆಚ್ಚು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ತಾಸು ಕೊತಕೊತ ಕುದಿಸಬೇಕು. ಸಣ್ಣ ಬಿಸಿಯಲ್ಲಿ ಬೇಯಿಸಿದರೆ ಅದರ ನಂಜು ಸಾಯುವುದಿಲ್ಲ. ಗ್ಯಾಸ್ ನಡುವೆ ಮುಗಿದು ಇನ್ನೊಂದು ಸಿಲಿಂಡರ್ ಹಚ್ಚುವ ಅಡುಗೆಮನೆಯಲ್ಲಿ 118 ಮಕ್ಕಳಿಗೆ ಆ ಪಂದ್ಯ ಕಟ್ಟುವಂತಿಲ್ಲ. ಹೆಸರು, ಮಡಕಿ ಇರುವ ಸೀಮೆಯಲ್ಲಿ ಅದರ ಅಗತ್ಯವೂ ಇಲ್ಲ.

ವಾರ 10: ಇವತ್ತಿನ ಸ್ಥಿತಿ

ಬಕೆಟ್: ಹೆಸರು 450 ಗ್ರಾಂ, ಮಡಕಿ 300 ಗ್ರಾಂ, ಅಲಸಂದಿ 1.4 ಕೆಜಿ. ಅಲಸಂದಿಯ ಮಣ್ಣುವಾಸನೆ ಹೋಗುತ್ತಿಲ್ಲ, ಕಪ್ಪು ಚುಕ್ಕಿಗೆ "ಕಣ್ಣ ಬಿಟ್ಟು ನೋಡತಾವ" ಅನ್ನುವ ಮಾತು ಬೇರೆ. ನೆನೆಸುವ ಮುಂಚೆ ಒಣದಾಗಿ ಹುರಿದು ನೋಡುವುದು ಬಾಕಿ. ಕುಕ್ಕರಿಗೆ ಹಾಕುವ ಮೊದಲು ಒಂದು ಕುದಿ ನೀರು ಚೆಲ್ಲಿದ್ದು ಸಾಲಲಿಲ್ಲ.

ಒಟ್ಟು ಖರ್ಚು: ತಕ್ಕಡಿ 450, ಜರಡಿ 180, ದಂಡದ ಜಾಳಿಗೆ 60, ಬೆಸುಗೆ 40. ₹730. ಕಾಳಿನ ದಿನಕ್ಕೆ ನೀರು ₹5, ಗುರೆಳ್ಳು ₹30 ಆಸುಪಾಸು.

ನಾಲ್ಕನೇ ತರಗತಿಯ ಸಾಲಿನಲ್ಲಿ ಆರು ತಟ್ಟೆ ಪ್ರತಿ ಸಲ ಕಾಳಿನ ಸಮೇತ ಬರುತ್ತವೆ. ಆರೂ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಮೊದಲ ಹುಡುಗಿ ತಟ್ಟೆ ಸರಿಸಿದರೆ ಉಳಿದವರೂ ಸರಿಸುತ್ತಾರೆ. ಅವಳಿಗೆ ಹಲ್ಲುನೋವು ಅಂತ ಮೊನ್ನೆ ಗೊತ್ತಾಯಿತು. ಶಾಲಾ ಆರೋಗ್ಯ ತಪಾಸಣೆಯ ದಿನ ತೋರಿಸಬೇಕು, ಅಲ್ಲಿವರೆಗೆ ಅವಳ ಪಾಲನ್ನು ಸೌಟಿನಲ್ಲಿ ಹಿಸುಕಿ ಹಾಕುತ್ತಿದ್ದಾರೆ. ಬೇಸಿಗೆಗೆ ಕಡಲೆ ನೆನೆಸುವುದು ಹೇಗೆ ಅನ್ನುವುದು ಇನ್ನೂ ಬಗೆಹರಿದಿಲ್ಲ; ಒದ್ದೆ ಗೋಣಿಚೀಲ ಸುತ್ತಿದ ಮಣ್ಣಿನ ಗಡಿಗೆ ಒಂದನ್ನು ಕುಂಬಾರರಿಗೆ ಹೇಳಿ ಇಟ್ಟಿದ್ದೇವೆ.